ಎರಡು ಬಣ್ಣದ ಹಳೇ ಕಾರ್ಟೂನ್, 16 ಎಂಎಂ: ಒಂದು ಬಣ್ಣ ಚೂಪು, ಇನ್ನೊಂದು ಮಸುಕು, ಮೇಲೆ ಬೂಷ್ಟು

ಸಾಗರ_ರೀಲು

400 ಅಡಿಯ ರೀಲಿನಲ್ಲಿ ಸುಮಾರು 250 ಅಡಿ ಫಿಲ್ಮ್ ಇದೆ. ಅಂಚಿನಲ್ಲಿ ‘ಸೇಫ್ಟಿ’ (ಬೇಗ ಬೆಂಕಿ ಹತ್ತದ ಫಿಲ್ಮ್) ಎಂದಿದೆ. 1930ರ ದಶಕದ ಅಮೆರಿಕನ್ ಕಾರ್ಟೂನು, ಶೀರ್ಷಿಕೆಯ ಭಾಗ ಹರಿದು ಹೋಗಿದೆ. ತಗಡಿನ ಡಬ್ಬಿಗೆ ತುಕ್ಕು ಹಿಡಿದಿದೆ.

ಚಿತ್ರದಲ್ಲಿ ಕಾಣುವುದು ಕಿತ್ತಳೆ-ಕೆಂಪು ಮತ್ತು ನೀಲಿ-ಹಸಿರು ಮಾತ್ರ. ಹಳದಿ, ನೇರಳೆ ಎಲ್ಲೂ ಇಲ್ಲ. ಬಣ್ಣ ಮಾಸಿದೆಯೇ?

ಸ್ಕ್ಯಾನ್ ಮಾಡಲು ಒಂದೊಂದೇ ಫ್ರೇಮಿನ ಫೋಟೋ ತೆಗೆಯುತ್ತಿದ್ದೇನೆ: ಎಪಿಎಸ್-ಸಿ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಎಫ್ 5.6, ಹಿಂದೆ ಬಿಳಿ ಎಲ್‌ಇಡಿ. ಕಪ್ಪು ಗೆರೆಗೆ ಫೋಕಸ್ ಹಿಡಿದರೆ ಅದರ ಸುತ್ತ ಕಿತ್ತಳೆ ಮಂಜು ಕಾಣುತ್ತದೆ. ಫೋಕಸ್ ಸ್ವಲ್ಪ ತಿರುಗಿಸಿದರೆ ಕಿತ್ತಳೆ ಚೂಪಾಗಿ ನೀಲಿ ಹರಡುತ್ತದೆ.

ಹೊರಸುತ್ತುಗಳಲ್ಲಿ ಬಿಳಿ ಬೂಷ್ಟು ಇದೆ, ಡಬ್ಬಿ ತೆರೆದರೆ ಸಣ್ಣಗೆ ಹುಳಿ ವಾಸನೆ. ಇಲ್ಲಿ ಆರಿದ್ರಾ ಮಳೆ ಹಿಡಿದಿದೆ, ಕೋಣೆಯ ತೇವಾಂಶ ಮೀಟರ್ 88 ತೋರಿಸುತ್ತಿದೆ. ಈಗಲೇ ಒರೆಸಬಹುದೇ?

ಶಿವಮೊಗ್ಗ_ಎಮಲ್ಷನ್

ಈಗ ಒರೆಸಬೇಡಿ ಮಾರಾಯ್ರೇ. ತೇವದಲ್ಲಿರುವ ಬೂಷ್ಟಿಗೆ ಜೀವ ಇರುತ್ತದೆ, ಉಜ್ಜಿದರೆ ಹೋಗುವ ಬದಲು ಮೆತ್ತಿಕೊಂಡು ಹರಡುತ್ತದೆ. ಅದು ತಿಂದ ಜಾಗದಲ್ಲಿ ಚಿತ್ರವನ್ನು ಹಿಡಿದಿರುವ ಜೆಲಟಿನ್ ಪದರ, ಅಂದರೆ ಎಮಲ್ಷನ್, ನೀರಿಗೆ ಕರಗುವಂತಾಗಿರುತ್ತದೆ. ಒದ್ದೆ ಬಟ್ಟೆ ತಾಗಿಸಿದರೆ ಚಿತ್ರವೇ ಬಟ್ಟೆಗೆ ಬಂದುಬಿಡುತ್ತದೆ.

ಮೊದಲು ಇದು ಯಾವ ಫಿಲ್ಮ್ ಎಂದು ನೋಡೋಣ. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಸಾಮಾನ್ಯ ಫಿಲ್ಮಿನಲ್ಲಿ ಒಂದು ಬದಿ ಹೊಳೆಯುತ್ತದೆ, ಎಮಲ್ಷನ್ ಇರುವ ಬದಿ ಮಂಕು. ನಿಮ್ಮದರಲ್ಲಿ ಎರಡೂ ಬದಿ ಮಂಕೇ? ಒಂದು ಬದಿಯ ಗೀರು ಕಿತ್ತಳೆಯಾಗಿ, ಇನ್ನೊಂದು ಬದಿಯದು ನೀಲಿಯಾಗಿ ಕಾಣುತ್ತದೆಯೇ? ಧ್ವನಿಪಟ್ಟಿ ಕಪ್ಪು-ಬೂದು ಅಲ್ಲದೆ ನೀಲಿಯೇ? ಮೂರಕ್ಕೂ ಹೌದು ಎಂದಾದರೆ ಅದು ಸಿನೆಕಲರ್ ಬಗೆಯ ಪ್ರಿಂಟು. ಎರಡು ಬದಿಗೂ ಎಮಲ್ಷನ್ ಇರುತ್ತದೆ: ಒಂದರಲ್ಲಿ ಕಬ್ಬಿಣದ ಲವಣದಿಂದ ಟೋನ್ ಮಾಡಿದ ನೀಲಿ-ಹಸಿರು ಚಿತ್ರ, ಇನ್ನೊಂದರಲ್ಲಿ ಕಿತ್ತಳೆ-ಕೆಂಪು.

ಹಾಗಿದ್ದರೆ ಬಣ್ಣ ಮಾಸಿಲ್ಲ, ಹುಟ್ಟಿದ್ದೇ ಹಾಗೆ. 1932ರಲ್ಲಿ ಡಿಸ್ನಿಯ ‘ಫ್ಲವರ್ಸ್ ಅಂಡ್ ಟ್ರೀಸ್’ ಮೂರು ಬಣ್ಣದ ಟೆಕ್ನಿಕಲರ್‌ನಲ್ಲಿ ಬಂದ ಮೇಲೆ, ಕಾರ್ಟೂನಿಗೆ ಆ ವಿಧಾನ ಬಳಸುವ ಹಕ್ಕು 1935ರವರೆಗೆ ಡಿಸ್ನಿಯ ಕೈಯಲ್ಲೇ ಉಳಿಯಿತು. ಉಳಿದ ಸ್ಟುಡಿಯೋಗಳಿಗೆ ಸಿಕ್ಕಿದ್ದು ಎರಡು ಬಣ್ಣದ ಟೆಕ್ನಿಕಲರ್ ಇಲ್ಲವೇ ಸಿನೆಕಲರ್. ಅನಿಮೇಟರ್ ಅಬ್ ಐವರ್ಕ್ಸ್ ಅವರ ಕಾಮಿಕಲರ್ ಕಾರ್ಟೂನ್ ಸರಣಿ ಈ ಸಿನೆಕಲರ್‌ನದೇ. ನಿಜವಾಗಿ ಮಾಸಿದ ಪ್ರಿಂಟು ಬೇರೆ ಥರ ಕಾಣುತ್ತದೆ. 1950ರ ನಂತರ ಈಸ್ಟ್‌ಮನ್‌ಕಲರ್‌ನಲ್ಲಿ ತೆಗೆದ ಮರುಪ್ರತಿಗಳಲ್ಲಿ ಸಯಾನ್ ಬಣ್ಣ ಮೊದಲು ಹೋಗಿ ಇಡೀ ಚಿತ್ರ ಗುಲಾಬಿಗೆ ತಿರುಗುತ್ತದೆ.

ತುಕ್ಕಿನ ಡಬ್ಬಿ ಇವತ್ತೇ ಬಿಡಿಸಿ, ತುಕ್ಕಿನ ಪುಡಿ ಹುಳಿಯೇಳುವುದನ್ನು ಇನ್ನಷ್ಟು ಬೇಗ ಮಾಡುತ್ತದೆ. ರೀಲನ್ನು ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿಡಿ. ಜೊತೆಗೆ ಬಟ್ಟೆ ಚೀಲದಲ್ಲಿ 250 ಗ್ರಾಂ ಸಿಲಿಕಾ ಜೆಲ್ ಮತ್ತು ಸಣ್ಣ ತೇವಾಂಶ ಮೀಟರ್ ಇರಲಿ. ಜೆಲ್ ಫಿಲ್ಮಿಗೆ ತಾಗಬಾರದು. ಎರಡು ಮೂರು ವಾರದಲ್ಲಿ ನಿಧಾನವಾಗಿ 40ರ ಆಸುಪಾಸಿಗೆ ಇಳಿಸಿ. ಒಂದೇ ದಿನದಲ್ಲಿ ಒಣಗಿಸಿದರೆ ಫಿಲ್ಮ್ ಸುರುಳಿಕೊಳ್ಳುತ್ತದೆ. ಬೆಚ್ಚಗಿದೆ ಎಂದು ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಹಾಕಬೇಡಿ, ಶಾಖ ಹುಳಿಯನ್ನು ಹೆಚ್ಚಿಸುತ್ತದೆ, ಹೊಗೆ ಬೇರೆ.

ಹೊಸನಗರ_24ಫ್ರೇಮ್

ಹುಳಿ ವಾಸನೆ ಎಂದರೆ ಅಸಿಟೇಟ್ ಬೇಸ್ (ಎಮಲ್ಷನ್ ಹೊತ್ತಿರುವ ಪ್ಲಾಸ್ಟಿಕ್ ಪಟ್ಟಿ) ಒಡೆದು ಅಸಿಟಿಕ್ ಆಮ್ಲ ಬರುತ್ತಿದೆ. ಆ ಆಮ್ಲವೇ ಮುಂದಿನ ಒಡೆತಕ್ಕೆ ದಾರಿ ಮಾಡುತ್ತದೆ. ಬೇರೆ ರೀಲುಗಳ ಪಕ್ಕ ಇಡಬೇಡಿ. ಎ-ಡಿ ಸ್ಟ್ರಿಪ್ (ಆಮ್ಲಕ್ಕೆ ಬಣ್ಣ ಬದಲಾಗುವ ಕಾಗದದ ಪಟ್ಟಿ) ಒಂದು ದಿನ ಡಬ್ಬಿಯೊಳಗಿಟ್ಟು ನೋಡಿ: ನೀಲಿಯಾಗಿಯೇ ಉಳಿದರೆ ಚೆನ್ನಾಗಿದೆ, ಹಸಿರಾದರೆ ತಡಮಾಡದೆ ಸ್ಕ್ಯಾನ್ ಮಾಡಬೇಕು, ಹಳದಿಯಾದರೆ ಕೊನೆಯ ಹಂತ. ಡಬ್ಬಿಯಲ್ಲಿ ಮಾಲಿಕ್ಯುಲರ್ ಸೀವ್ ಪೊಟ್ಟಣ ಇಟ್ಟರೆ ತೇವದ ಜೊತೆ ಆಮ್ಲದ ಆವಿಯನ್ನೂ ಹೀರುತ್ತದೆ.

ಕುಗ್ಗಿದ್ದನ್ನು ಅಳೆಯಲು 100 ಫ್ರೇಮು ಎಣಿಸಿ, ಎಳೆಯದೆ ಸ್ಟೀಲ್ ಸ್ಕೇಲಿನ ಪಕ್ಕ ಮಲಗಿಸಿ. ಹೊಸ ಪ್ರಿಂಟಿನಲ್ಲಿ 762 ಮಿ.ಮೀ. ಇರುತ್ತದೆ. 754ಕ್ಕೆ ಬಂದಿದ್ದರೆ 1 ಶೇಕಡಾ ದಾಟಿದೆ, ಹಲ್ಲುಚಕ್ರ ಇರುವ ಯಾವ ಯಂತ್ರಕ್ಕೂ ಹಾಕಬೇಡಿ, ಫಿಲ್ಮಿನ ಅಂಚಿನ ರಂಧ್ರ ಹರಿಯುತ್ತದೆ.

ಸಾಗರ_ರೀಲು

ಎರಡೂ ಬದಿ ಮಂಕು, ಧ್ವನಿಪಟ್ಟಿ ನೀಲಿ. 100 ಫ್ರೇಮಿಗೆ 757.5 ಮಿ.ಮೀ. ಸ್ಟ್ರಿಪ್ ನೀಲಿಗೂ ಹಸಿರಿಗೂ ನಡುವೆ ಇದೆ.

ಶಿವಮೊಗ್ಗ_ಎಮಲ್ಷನ್

0.6 ಶೇಕಡಾ. ಉಳಿಸಿಕೊಳ್ಳಬಹುದು. ಆದರೂ ಪ್ರೊಜೆಕ್ಟರಿಗೆ ಬೇಡ, ರೋಲರ್ ಮೇಲೆ ಓಡಿಸಿ.

ಮೀಟರ್ 45ಕ್ಕಿಂತ ಕೆಳಗೆ ಎರಡು ವಾರ ನಿಂತ ಮೇಲೆ ಬೂಷ್ಟು ಪುಡಿಯಾಗುತ್ತದೆ. ಎನ್95 ಮಾಸ್ಕ್ ಹಾಕಿ ಮೆತ್ತನೆಯ ಬ್ರಷ್‌ನಿಂದ ಹೊರಗೆ ಸರಿಸಿ. ಉಳಿದದ್ದಕ್ಕೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್. ಮೆಡಿಕಲ್ ಅಂಗಡಿಯ 70 ಶೇಕಡಾದ್ದು ಬೇಡವೇ ಬೇಡ, ಮಿಕ್ಕ 30 ನೀರು. ರೀಲಿನ ಬಾಲದ ಕಡೆಯ ಒಂದು ಫ್ರೇಮಿಗೆ ಎರಡೂ ಬದಿ ಹತ್ತಿ ತಾಗಿಸಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಬ್ರಷ್ ಮಾಡಿದಷ್ಟಕ್ಕೇ ಸ್ಕ್ಯಾನ್ ಮಾಡಿ. ಸೋಪು, ಸೋಡಾ, ಅಮೋನಿಯಾ ಸೇರಿದ ಗ್ಲಾಸ್ ಕ್ಲೀನರ್ ಹತ್ತಿರಕ್ಕೂ ತರಬೇಡಿ. ಆ ನೀಲಿ ಪ್ರಷ್ಯನ್ ಬ್ಲೂ, ಕ್ಷಾರ ತಾಗಿದರೆ ಅಳಿಸಿಹೋಗುತ್ತದೆ.

ಫಿಲ್ಮ್ ಜೋಡಿಸಿದ ಕೀಲು ಬಿಟ್ಟಿದ್ದರೆ ಸಿಮೆಂಟ್ (ಫಿಲ್ಮ್ ಅಂಟು) ಬೇಡ. ಅದಕ್ಕೆ ಎರಡೂ ಬದಿಯ ಎಮಲ್ಷನ್ ಕೆರೆಯಬೇಕಾಗುತ್ತದೆ. ಸ್ಪ್ಲೈಸಿಂಗ್ ಟೇಪ್ ಸಾಕು.

ತೀರ್ಥಹಳ್ಳಿ_ಲೆನ್ಸು

ಫೋಕಸ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೆನ್ಸಿನಲ್ಲಿ ದೋಷ ಇಲ್ಲ. ಎರಡು ಎಮಲ್ಷನ್‌ಗಳ ನಡುವೆ ಸುಮಾರು 0.14 ಮಿ.ಮೀ. ಬೇಸ್ ಇದೆ. ಬೇಸಿನ ಮೂಲಕ ನೋಡುವಾಗ ಬೆಳಕು ಬಾಗುವುದರಿಂದ ಕ್ಯಾಮೆರಾಕ್ಕೆ ಆ ಅಂತರ 0.1ರಷ್ಟು ಕಾಣುತ್ತದೆ. ಇಷ್ಟು ದೊಡ್ಡದಾಗಿ ತೆಗೆಯುವಾಗ ಎಫ್ 5.6ರಲ್ಲಿ ಚೂಪಾಗಿ ಕಾಣುವ ಆಳ ಅಷ್ಟಿಲ್ಲ. ಎಫ್ 16ಕ್ಕೆ ಮುಚ್ಚಿದರೆ ಎರಡೂ ಒಟ್ಟಿಗೆ ಬರುತ್ತವೆ, ಆದರೆ ಎರಡೂ ಮೆತ್ತಗಾಗಿ!

ಎರಡು ಸಲ ಓಡಿಸಿ. ನೀಲಿ-ಹಸಿರು ಚಿತ್ರ ಕೆಂಪು ಬೆಳಕನ್ನು ತಡೆಯುತ್ತದೆ, ಕಿತ್ತಳೆ-ಕೆಂಪು ಚಿತ್ರ ಅದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಕೆಂಪು ಎಲ್‌ಇಡಿ ಹಾಕಿ ನೀಲಿ ಬದಿಗೆ ಫೋಕಸ್ ಮಾಡಿದರೆ ಇನ್ನೊಂದು ಬದಿ ಹೆಚ್ಚುಕಡಿಮೆ ಮಾಯ, ಮಂಜೂ ಇಲ್ಲ. ಎರಡನೇ ಸಲ ಹಸಿರು ಮತ್ತು ನೀಲಿ ಎಲ್‌ಇಡಿ, ಫೋಕಸ್ ಕಿತ್ತಳೆ ಬದಿಗೆ. ಆಮೇಲೆ ಮೊದಲ ಓಟದ ಕೆಂಪು ಚಾನೆಲ್, ಎರಡನೆಯದರ ಹಸಿರು, ನೀಲಿ ಚಾನೆಲ್ ಸೇರಿಸಿ. ಫೋಕಸ್ ರಿಂಗ್ ಮುಟ್ಟಬೇಡಿ, ಚಿತ್ರದ ಅಳತೆ ಬದಲಾಗುತ್ತದೆ. ಮೈಕ್ರೊಮೀಟರ್ ರೈಲಿನಲ್ಲಿ ಕ್ಯಾಮೆರಾವನ್ನೇ 0.1 ಮಿ.ಮೀ. ಸರಿಸಿ.

ಜಾಗ ಮೊದಲೇ ಲೆಕ್ಕ ಹಾಕಿ: ಅಡಿಗೆ 40 ಫ್ರೇಮಿನಂತೆ 250 ಅಡಿಗೆ 10,000, ಎರಡು ಓಟಕ್ಕೆ 20,000. ರಾ ಫೈಲ್ ಒಂದಕ್ಕೆ 25 ಎಂಬಿ ಆದರೆ 500 ಜಿಬಿ. ಧ್ವನಿಪಟ್ಟಿಯೂ ಚೌಕಟ್ಟಿನೊಳಗೆ ಬರಲಿ. ಪಟ್ಟಿ ನೀಲಿಯದಾದ್ದರಿಂದ ಕೆಂಪು ಬೆಳಕಿನ ಓಟದಲ್ಲೇ ಗಟ್ಟಿಯಾಗಿ ಮೂಡುತ್ತದೆ, ಎಇಒ-ಲೈಟ್ ಎಂಬ ಉಚಿತ ತಂತ್ರಾಂಶ ಅದರಿಂದ ಧ್ವನಿ ತೆಗೆಯುತ್ತದೆ. 16 ಎಂಎಂನಲ್ಲಿ ಧ್ವನಿ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ, ಹೊಂದಿಸುವಾಗ ನೆನಪಿರಲಿ.

ಭದ್ರಾವತಿ_ಎಡಿಟ್

ಇಷ್ಟೆಲ್ಲ ಆದ ಮೇಲೆ ಎಐ ಟೂಲಿನಲ್ಲಿ ಹಳದಿ, ನೇರಳೆ ತರಿಸಿ, ಆಟೋ ಡಸ್ಟ್ ರಿಮೂವಲ್ ಹಾಕಿದರೆ ಹೊಸದರಂತೆ ಆಗುವುದಿಲ್ಲವೇ?

ಶಿವಮೊಗ್ಗ_ಎಮಲ್ಷನ್

ಹೊಸದಾಗುತ್ತದೆ, ಆದರೆ ಅದು ಈ ಚಿತ್ರ ಅಲ್ಲ. ಆ ಹುಲ್ಲು ಎಂದೂ ಎಲೆಹಸಿರು ಆಗಿರಲಿಲ್ಲ. ಆಗಿನ ಪ್ರೇಕ್ಷಕರು ನೋಡಿದ್ದು ಈ ಎರಡು ಬಣ್ಣವನ್ನೇ, ನಾವು ಕಾಪಾಡಬೇಕಾದದ್ದೂ ಅದನ್ನೇ.

ಧೂಳು ತೆಗೆಯುವ ಆಟೋ ಫಿಲ್ಟರ್ ಕಾರ್ಟೂನಿಗೆ ಇನ್ನೂ ಅಪಾಯ. ಹಿಂದಿನ ಮುಂದಿನ ಫ್ರೇಮಿನಲ್ಲಿ ಇಲ್ಲದ್ದೆಲ್ಲ ಅದಕ್ಕೆ ಕಸ. ಬೇಗ ಬೀಸುವ ಕೈಯ ಗೆರೆ ಹೀಗೆಯೇ ಅಳಿದುಹೋಗುತ್ತದೆ. ಫ್ರೇಮ್ ಫ್ರೇಮಾಗಿ ಕೈಯಿಂದ ಮಾಡಿ. ಎಷ್ಟೋ ಕಡೆ ಒಂದೇ ಚಿತ್ರವನ್ನು ಎರಡು ಫ್ರೇಮಿಗೆ ತೆಗೆದಿರುತ್ತಾರೆ. ಜೋಡಿಯ ಒಂದರಲ್ಲಿ ಮಾತ್ರ ಇರುವ ಚುಕ್ಕಿ ಫಿಲ್ಮಿನ ಧೂಳು, ತೆಗೆಯಿರಿ. ಎರಡರಲ್ಲೂ ಇದ್ದರೆ ಬಹುತೇಕ ಅದು ಅವತ್ತು ಸೆಲ್ಲಿನ (ಚಿತ್ರ ಬರೆದ ಪಾರದರ್ಶಕ ಹಾಳೆಯ) ಮೇಲೆ ಕೂತಿದ್ದ ಧೂಳು. ಅದು ಚಿತ್ರದ್ದೇ, ಬಿಡಿ.

ಸಾಗರ_ರೀಲು

ಬಾಲದ ಭಾಗವನ್ನು ಬ್ರಷ್ ಮಾಡಿ 10 ಫ್ರೇಮ್ ಪರೀಕ್ಷೆ ಮಾಡಿದೆ. ಗೆರೆಗಳು ಚೂಪು. ಆದರೆ ಬಲ ಅಂಚಿನಲ್ಲಿ ಕೆಂಪು ಚಾನೆಲ್ 3 ಪಿಕ್ಸೆಲ್ ಆಚೆ ಇದೆ.

ತೀರ್ಥಹಳ್ಳಿ_ಲೆನ್ಸು

ಚಿತ್ರದ ಗೆರೆ ಹಿಡಿದು ಹೊಂದಿಸಬೇಡಿ, ರಂಧ್ರದ ಅಂಚು ಹಿಡಿದು ಹೊಂದಿಸಿ, ಅದು ಎರಡೂ ಓಟದಲ್ಲಿ ಕಾಣುತ್ತದೆ. 10 ಫ್ರೇಮಿನಲ್ಲೂ ಅದೇ 3 ಪಿಕ್ಸೆಲ್ ಆದರೆ ರೈಲು ಓರೆಯಾಗಿದೆ. ಫ್ರೇಮಿನಿಂದ ಫ್ರೇಮಿಗೆ ಬದಲಾದರೆ ಫಿಲ್ಮ್ ಉಬ್ಬುತ್ತಿದೆ, ಅಂಚುಗಳನ್ನು ಮಾತ್ರ ಒತ್ತುವ ಗೇಟ್ (ಫಿಲ್ಮ್ ಹಿಡಿಯುವ ಚೌಕಟ್ಟು) ಹಾಕಿ, ಗಾಜು ಒತ್ತಬೇಡಿ. ರಂಧ್ರ ಸರಿಯಾಗಿ ಕೂತ ಮೇಲೂ ಚಿತ್ರದೊಳಗೆ ಅಂತರ ಉಳಿದರೆ ಅದು ಪ್ರಿಂಟು ಹಾಕುವಾಗಲೇ ಆದದ್ದು. ಮೂಲ ಸ್ಕ್ಯಾನಿನಲ್ಲಿ ಹಾಗೆಯೇ ಇರಲಿ, ಸರಿಪಡಿಸುವುದಾದರೆ ಬೇರೆ ಪ್ರತಿಯಲ್ಲಿ.