ಹಳೇ ಪಿಸಿಯ ಶೇರ್‌ವೇರ್: ಹಾಕುವುದು ಹೇಗೆ, ದುಡ್ಡು ಯಾರಿಗೆ?

ಸಾಗರದಲ್ಲಿ ಮುದ್ರಣಾಲಯ ನಡೆಸುವ ಒಬ್ಬರಿಗೆ ಅವರ ದೊಡ್ಡಪ್ಪನ 386 ಪಿಸಿ ಸಿಕ್ಕಿದೆ. ಜೊತೆಗೆ ಒಂದು ಡಬ್ಬಿ ಫ್ಲಾಪಿ: ಪಿಸಿ-ರೈಟ್ (ಬರವಣಿಗೆಗೆ), ಪಿಸಿ-ಫೈಲ್ (ಪಟ್ಟಿ, ಮಾಹಿತಿ ಇಡಲು), ಪಿಕೆಜಿಪ್ (ಫೈಲುಗಳನ್ನು ಕುಗ್ಗಿಸಿ ಕಟ್ಟಲು), ಲಿಸ್ಟ್ (ಫೈಲ್ ತೆರೆದು ಓದಲು). ಹಳೇ ಗಿರಾಕಿಗಳ ಪಟ್ಟಿಯೆಲ್ಲ ಪಿಸಿ-ಫೈಲಿನಲ್ಲಿದೆ. "ದೊಡ್ಡಪ್ಪ ಇವನ್ನೆಲ್ಲ ಅಂಗಡಿಯಲ್ಲಿ ದುಡ್ಡು ಕೊಟ್ಟೇ ತಂದಿದ್ದರು. ಆದರೂ ಶುರು ಮಾಡಿದರೆ ನೋಂದಣಿ ಮಾಡಿಸಿ ಅಂತ ಬರುತ್ತದೆ. ಮತ್ತೆ ಕೊಡಬೇಕಾ? ಯಾರಿಗೆ? ಹಾಕುವ ಕ್ರಮ ಏನು?" ಅಂತ ಕೇಳಿದ್ದಾರೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ನಾನು ಕೆಲಸ ಮಾಡಿದ್ದು ಇಂಥ ಪ್ರೋಗ್ರಾಂಗಳ ಮೇಲೇ. ನನಗೆ ಗೊತ್ತಿದ್ದದ್ದು, ಆಗ ಜೊತೆಗಿದ್ದವರು ಹೇಳಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಇವೆಲ್ಲ ಶೇರ್‌ವೇರ್, ಅಂದರೆ ಕಾಪಿ ಮಾಡಿ ಹಂಚಬಹುದು, ಬಳಸಿ ನೋಡಿ ಉಪಯೋಗ ಆದರೆ ಬರೆದವರಿಗೆ ದುಡ್ಡು ಕಳಿಸಬೇಕು ಅನ್ನುವ ಪ್ರೋಗ್ರಾಂಗಳು. ಅಂಗಡಿಗೆ ಕೊಟ್ಟದ್ದು ಫ್ಲಾಪಿಗೆ ಮತ್ತು ಕಾಪಿ ಮಾಡಿದ ಕೂಲಿಗೆ. ಪ್ರೋಗ್ರಾಂ ಬರೆದವರಿಗೆ ಅದರಲ್ಲಿ ಏನೂ ಹೋಗಿಲ್ಲ. ಅಮೆರಿಕದಲ್ಲೂ ಹೀಗೇ ಇತ್ತು. ಪಿಸಿ-ಸಿಗ್ ಅಂಥ ಕಂಪನಿಗಳು ಡಿಸ್ಕಿಗೆ ಕೆಲವು ಡಾಲರ್ ತಗೊಂಡು ಅಂಚೆಯಲ್ಲಿ ಕಳಿಸುತ್ತಿದ್ದವು. ಅದು ಹಂಚಿದ ಖರ್ಚು. ಬರೆದವರ ಪಾಲನ್ನು ಬಳಸಿದವರು ಬೇರೆಯಾಗಿ ಕಳಿಸಬೇಕಿತ್ತು. ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ಶೇರ್‌ವೇರ್ ಅರ್ಥವೇ ಆಗುವುದಿಲ್ಲ.

ಈ ಪದ್ಧತಿ ಶುರುವಾಗಿದ್ದು 1982ರಲ್ಲಿ. ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಫ್ಲುಗೆಲ್‌ಮನ್ ಫೋನ್ ಲೈನಿನಲ್ಲಿ ಬೇರೆ ಕಂಪ್ಯೂಟರ್ ಜೊತೆ ಮಾತಾಡಿಸುವ ಪಿಸಿ-ಟಾಕ್ ಬರೆದರು. ವಾಷಿಂಗ್ಟನ್ ರಾಜ್ಯದ ಜಿಮ್ ನಾಫ್ ಪಿಸಿ-ಫೈಲ್ ಬರೆದರು. ನಾಫ್ ಆಗ ಐಬಿಎಂ ನೌಕರರು. ಕಾಪಿ ಮಾಡಿ ಹಂಚಿ, ಉಪಯೋಗ ಆದರೆ ಇಷ್ಟು ಕಳಿಸಿ ಅಂತ ಇಬ್ಬರೂ ಡಿಸ್ಕಿನಲ್ಲೇ ಬರೆದಿಟ್ಟರು. ಫ್ಲುಗೆಲ್‌ಮನ್ ಕೇಳಿದ್ದು 25 ಡಾಲರ್. ನಾಫ್ ಮೊದಲು ಕೇಳಿದ್ದು 10. ಒಬ್ಬರಿಗೊಬ್ಬರು ಗೊತ್ತಾದ ಮೇಲೆ ನಾಫ್ ಕೂಡ 25 ಮಾಡಿದರು. ಜನ ಕಳಿಸಿದರು ಕೂಡ! ಕೊನೆಗೆ ನಾಫ್ ನೌಕರಿ ಬಿಟ್ಟು ತಮ್ಮ ಬಟನ್‌ವೇರ್ ಕಂಪನಿಯನ್ನೇ ನಡೆಸಿದರು. ನಿಮ್ಮ ಡಬ್ಬಿಯ ಪಿಸಿ-ರೈಟ್ ಸಿಯಾಟಲ್‌ನ ಬಾಬ್ ವ್ಯಾಲೇಸ್ ಅವರದು. ಅದಕ್ಕೆ ನೋಂದಣಿ 75 ಡಾಲರ್. ನೋಂದಾಯಿಸಿದವರಿಗೆ ಅವರದೇ ನಂಬರ್ ಇರುವ ಡಿಸ್ಕ್ ಬರುತ್ತಿತ್ತು. ಅದರ ಕಾಪಿ ಪಡೆದ ಇನ್ನೊಬ್ಬರು ನೋಂದಾಯಿಸಿದರೆ, ಕಾಪಿ ಕೊಟ್ಟವರಿಗೆ 25 ಡಾಲರ್ ವಾಪಸ್. ಹಂಚಿದವರಿಗೂ ಪಾಲು ಕೊಡುವ ಈ ಏರ್ಪಾಡು ನನಗೆ ಇವತ್ತಿಗೂ ಬಹಳ ಇಷ್ಟ.

ನಮ್ಮಲ್ಲಿ ಕಷ್ಟ ಬೇರೆ ಇತ್ತು. 1993ರ ಹೊತ್ತಿಗೆ ಡಾಲರಿಗೆ ಸುಮಾರು 31 ರೂಪಾಯಿ. 25 ಡಾಲರ್ ಅಂದರೆ 780 ರೂಪಾಯಿ ಹತ್ತಿರ. ಅದಕ್ಕಿಂತ ದೊಡ್ಡ ತಲೆನೋವು ಕಳಿಸುವುದು. ವಿದೇಶಿ ವಿನಿಮಯಕ್ಕೆ ಕಟ್ಟುನಿಟ್ಟು, ಬ್ಯಾಂಕಿನಲ್ಲಿ ಡಾಲರ್ ಡ್ರಾಫ್ಟ್ ಮಾಡಿಸಲು ಅರ್ಜಿ, ಅದರ ಮೇಲೆ ಕಮಿಷನ್. ನನ್ನ ಗೆಳೆಯರೊಬ್ಬರು ನ್ಯೂಜೆರ್ಸಿಯಲ್ಲಿದ್ದ ಭಾವನಿಂದ ಚೆಕ್ ಬರೆಸುತ್ತಿದ್ದರು. ಇನ್ನೊಬ್ಬರು ಬರೆದವರಿಗೇ ಪತ್ರ ಹಾಕಿ, ಇಲ್ಲಿಂದ ಹೇಗೆ ಕೊಡಲಿ ಅಂತ ಕೇಳಿದರು. ಪೋಸ್ಟ್‌ಕಾರ್ಡ್ ಕಳಿಸಿದರೆ ಸಾಕು ಅಂತ ಬರೆದ ಪ್ರೋಗ್ರಾಮರ್‌ಗಳೂ ಆಗ ಇದ್ದರು. ಅಂಥವರಿಗೆ ಪೋಸ್ಟ್‌ಕಾರ್ಡ್ ಕಳಿಸಿದರೆ ಪೂರ್ತಿ ಕೊಟ್ಟ ಹಾಗೇ ಲೆಕ್ಕ.

ಈಗ ಹಾಕುವ ಕೆಲಸ. ಪಿಸಿಗೆ ಕರೆಂಟ್ ಕೊಡುವ ಮೊದಲು ಡಬ್ಬ ಬಿಚ್ಚಿ. 386 ಬೋರ್ಡುಗಳ ಮೇಲೆ ಸಣ್ಣ ಪೀಪಾಯಿ ಆಕಾರದ ಬ್ಯಾಟರಿ ಇರುತ್ತದೆ. ಅದು ಸೋರಿ ಸುತ್ತಲಿನ ತಾಮ್ರವನ್ನು ತಿನ್ನುತ್ತದೆ. ಮೊದಲು ಅದನ್ನು ತೆಗೆಸಿ. ಫ್ಲಾಪಿಗಳಿಗೆ ಬರೆಯದಂತೆ ತಡೆ ಹಾಕಿ: ಐದೂಕಾಲು ಇಂಚಿನದಾದರೆ ಅಂಚಿನ ಕಚ್ಚಿಗೆ ಸ್ಟಿಕ್ಕರ್, ಮೂರೂವರೆಯದಾದರೆ ಆ ಸಣ್ಣ ಕೀಲಿ. ಮಲೆನಾಡಿನ ತೇವಕ್ಕೆ ಒಳಗೆ ಬೂಷ್ಟು ಹಿಡಿದಿದ್ದರೆ ಡ್ರೈವಿಗೆ ಹಾಕಲೇಬೇಡಿ, ಹೆಡ್ ಹಾಳಾಗುತ್ತದೆ. ಚೆನ್ನಾಗಿರುವುದನ್ನು ಮೊದಲು ಪೂರ್ತಿ ಇಮೇಜ್ (ಇಡೀ ಡಿಸ್ಕಿನ ಯಥಾವತ್ ನಕಲು, ಒಂದೇ ಫೈಲಾಗಿ) ತೆಗೆದಿಟ್ಟುಕೊಳ್ಳಿ. ಫ್ಲಾಪಿ ಒಳಗಿಟ್ಟು ಪಿಸಿ ಆನ್ ಮಾಡಬೇಡಿ. ಕೈಯಿಂದ ಕೈಗೆ ಓಡಾಡಿದ ಡಿಸ್ಕುಗಳಲ್ಲಿ ಬೂಟ್ ಸೆಕ್ಟರ್ ವೈರಸ್ (ಪಿಸಿ ಶುರುವಾಗುವಾಗ ಮೊದಲು ಓದುವ ಭಾಗದಲ್ಲಿ ಅಡಗಿರುವಂಥದ್ದು) ಮಾಮೂಲಿ. 1986ರಲ್ಲಿ ಲಾಹೋರಿನಿಂದ ಹೊರಟ ಬ್ರೈನ್ ವೈರಸ್ ಕೂಡ ಹೀಗೇ ಹರಡಿದ್ದು.

ಆಮೇಲೆ ಹಾರ್ಡ್ ಡಿಸ್ಕಿನಲ್ಲಿ ಯುಟಿಲ್ ಅಂತ ಒಂದು ಡೈರೆಕ್ಟರಿ ಮಾಡಿ. ಲಿಸ್ಟ್, ಪಿಕೆಅನ್‌ಜಿಪ್ (ಪಿಕೆಜಿಪ್ ಕಟ್ಟಿದ್ದನ್ನು ಬಿಚ್ಚುವುದು) ಥರ ಒಂಟಿ ಫೈಲಿನವು ಅದರಲ್ಲಿರಲಿ. ಪಿಸಿ-ಫೈಲ್, ಪಿಸಿ-ರೈಟ್ ಥರದವಕ್ಕೆ ಬೇರೆ ಬೇರೆ ಡೈರೆಕ್ಟರಿ. ಪಿಸಿ ಶುರುವಾದಾಗ ತಾನಾಗಿ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ, ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಸಾಲಿಗೆ ಯುಟಿಲ್ ಒಂದನ್ನೇ ಸೇರಿಸಿ. ಎಲ್ಲವನ್ನೂ ತುಂಬಿದರೆ ಡಾಸ್ (ಆ ಪಿಸಿಯ ಆಪರೇಟಿಂಗ್ ಸಿಸ್ಟಂ) ಸಾಲಿನ ಮಿತಿ 127 ಅಕ್ಷರ ಬೇಗ ಮುಗಿಯುತ್ತದೆ. ಮೆಮೊರಿಯಲ್ಲೇ ಕೂತು ಕೆಲಸ ಮಾಡುವ ಸಣ್ಣ ಪ್ರೋಗ್ರಾಂಗಳನ್ನು ಸುಮ್ನೆ ಪೇರಿಸಬೇಡಿ. ಇರುವುದೇ 640 ಕೆಬಿ. ಡಾಸ್ 5 ಇದ್ದರೆ ಕೆಲವನ್ನು ಅದರ ಮೇಲಿನ ಜಾಗಕ್ಕೆ ಹಾಕಬಹುದು.

ಪಿಕೆಜಿಪ್ ವಿಷಯದಲ್ಲಿ ಒಂದು ಎಚ್ಚರಿಕೆ. 1993ರ 2.04ಜಿ ಮಾಡಿದ ಫೈಲನ್ನು ಹಳೇ 1.10 ಬಿಚ್ಚುವುದಿಲ್ಲ, ಒಳಗಿನ ವಿಧಾನವೇ ಬದಲಾಗಿದೆ. ಫೈಲ್ ಹಾಳಾಗಿದೆ ಅಂದುಕೊಂಡು ಬಿಸಾಡಬೇಡಿ. 3.00ಬಿ ಅಂತ ಹೇಳಿಕೊಳ್ಳುವುದು ಸಿಕ್ಕರೆ ಮಾತ್ರ ಮುಟ್ಟಬೇಡಿ. ಅದು ಆ ಹೆಸರಿನಲ್ಲಿ ಹರಿದಾಡಿದ ನಕಲಿ, ಡಿಸ್ಕ್ ಅಳಿಸುವಂಥದ್ದು.

ಗಿರಾಕಿಗಳ ಪಟ್ಟಿಗೆ ಇಷ್ಟೆಲ್ಲ ಬೇಕಿಲ್ಲದೆಯೂ ಇರಬಹುದು. ಪಿಸಿ-ಫೈಲಿನ ನಂತರದ ಆವೃತ್ತಿಗಳು ಆಗಿನ ಹೆಸರಾಂತ ಡೇಟಾಬೇಸ್ ಪ್ರೋಗ್ರಾಂ ಡಿಬೇಸ್‌ನ ರೂಪದಲ್ಲೇ ಉಳಿಸುತ್ತಿದ್ದವು. ಫೈಲಿನ ಹೆಸರು ಡಿಬಿಎಫ್ ಅಂತ ಮುಗಿದರೆ ಇಂದಿನ ಲಿಬ್ರೆಆಫೀಸ್ ನೇರವಾಗಿ ತೆರೆಯುತ್ತದೆ. ಇಲ್ಲದಿದ್ದರೆ ಡಾಸ್‌ಬಾಕ್ಸಿನಲ್ಲಿ (ಇಂದಿನ ಕಂಪ್ಯೂಟರಿನಲ್ಲಿ ಹಳೇ ಡಾಸ್ ಪ್ರೋಗ್ರಾಂ ಓಡಿಸುವುದು) ಪಿಸಿ-ಫೈಲ್ ಓಡಿಸಿ, ಅದರ ಒಳಗಿಂದಲೇ ಟೆಕ್ಸ್ಟ್ ಆಗಿ ಹೊರತೆಗೆಯಿರಿ.

ಇನ್ನು ಈಗ ಯಾರಿಗೆ ಕೊಡುವುದು? ಪ್ರತಿ ಡಿಸ್ಕಿನಲ್ಲೂ ರೀಡ್‌ಮಿ, ಆರ್ಡರ್, ರಿಜಿಸ್ಟರ್, ವೆಂಡರ್ ಅಂತೆಲ್ಲ ಹೆಸರಿನ ಫೈಲುಗಳಿರುತ್ತವೆ. ಜಾಸ್ತಿ ಜನ ಇವನ್ನು ತೆರೆಯುವುದೇ ಇಲ್ಲ. ಎಷ್ಟು ದಿನ ಉಚಿತ, ಮನೆಗೆ ಎಷ್ಟು, ವ್ಯಾಪಾರಕ್ಕೆ ಎಷ್ಟು, ಎಷ್ಟು ಪಿಸಿಗಳಿಗೆ, ಎಲ್ಲ ಅಲ್ಲೇ ಇದೆ. ನಿಮ್ಮದು ಮುದ್ರಣಾಲಯ, ಹಾಗಾಗಿ ವ್ಯಾಪಾರದ ಷರತ್ತು ನೋಡಿ. ಪಿಕೆಜಿಪ್ ಮಾಡಿದ ಪಿಕೆವೇರ್ ಕಂಪನಿ ಇವತ್ತಿಗೂ ಇದೆ, ಅವರನ್ನು ಕೇಳಬಹುದು. ವ್ಯಾಲೇಸ್, ನಾಫ್, ಲಿಸ್ಟ್ ಬರೆದ ವರ್ನನ್ ಬರ್ಗ್ ಮೂವರೂ ಈಗಿಲ್ಲ. ಆರ್ಡರ್ ಫಾರ್ಮಿನಲ್ಲಿರುವ ಹಳೇ ವಿಳಾಸಕ್ಕೆ ಚೆಕ್ ಕಳಿಸಬೇಡಿ, ಅಲ್ಲಿ ಈಗ ಬೇರೆ ಯಾರೋ ಇರುತ್ತಾರೆ.

ಪಟ್ಟಿ ಹೊರತೆಗೆಯಲು ಒಂದೆರಡು ದಿನ ಓಡಿಸುವುದು ಪ್ರಯತ್ನಿಸಿ ನೋಡಿ ಅಂದ ಅವಧಿಯೊಳಗೇ ಬರುತ್ತದೆ, ಅದರಲ್ಲಿ ಅನ್ಯಾಯ ಇಲ್ಲ. ಆದರೆ ನೋಂದಣಿ ಸಂದೇಶ ಕಿತ್ತುಹಾಕುವ ಕ್ರ್ಯಾಕ್ ಬಳಸಬೇಡಿ. ಪ್ರೋಗ್ರಾಂ ಬರೆದವರು ನಮ್ಮ ಹತ್ತಿರ ಮಾತಾಡಿದ್ದು ಆ ಒಂದು ಸಂದೇಶದಲ್ಲಿ ಮಾತ್ರ, ಅಲ್ವಾ? ದಿನವೂ ಫೈಲ್ ನಿಭಾಯಿಸಲು ಹೀಗೊಂದು ಸಾಧನ ಬೇಕಾದರೆ ಟೋಟಲ್ ಕಮಾಂಡರ್ ನೋಡಿ. ಸ್ವಿಟ್ಜರ್ಲೆಂಡಿನ ಕ್ರಿಶ್ಚಿಯನ್ ಗಿಸ್ಲರ್ ಅದನ್ನು 1993ರಿಂದ ಶೇರ್‌ವೇರ್ ಆಗಿಯೇ ಕೊಡುತ್ತಿದ್ದಾರೆ. ಈಗ ಡ್ರಾಫ್ಟಿಗೆ ಅಲೆಯುವ ಕಷ್ಟವೂ ಇಲ್ಲ, ಕಾರ್ಡಿನಲ್ಲೇ ಕಟ್ಟಬಹುದು. ನಾನು ಕಟ್ಟಿದ್ದೇನೆ.

ಕೊನೆಗೆ, ಆ ಫ್ಲಾಪಿಗಳನ್ನು ಯಾರಾದರೂ ಕೇಳಿದರೆ ಬರೀ ಪ್ರೋಗ್ರಾಂ ಫೈಲ್ ಕಿತ್ತು ಕೊಡಬೇಡಿ. ರೀಡ್‌ಮಿ, ಆರ್ಡರ್ ಎಲ್ಲ ಇರುವ ಪೂರ್ತಿ ಡಿಸ್ಕಿನ ಕಾಪಿ ಕೊಡಿ. ಹಂಚುವವರಿಗಾಗಿ ಬರೆದ ವೆಂಡರ್ ಫೈಲಿನಲ್ಲಿ ಸಾಮಾನ್ಯವಾಗಿ ಇರುವ ಮೊದಲ ಷರತ್ತೇ ಅದು.