ಕಾರು ಧರೆಗೆ ಗುದ್ದಿದೆ, ಠಾಣೆಗೆ ಹೋಗಬೇಕೇ?

ಪ್ರಶ್ನೆ, ತೀರ್ಥಹಳ್ಳಿ ತಾಲ್ಲೂಕಿನ ಸದಸ್ಯರಿಂದ:

ವಕೀಲರಿಗೆ ನಮಸ್ಕಾರ. ಶನಿವಾರ ಸಂಜೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುತ್ತಿದ್ದೆ. ಮೇಗರವಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಾರು ಜಾರಿತು. ಮಧ್ಯಾಹ್ನದಿಂದ ಮಳೆ ಬಿಟ್ಟಿರಲಿಲ್ಲ, ರಸ್ತೆಯ ಮೇಲೆಲ್ಲ ಕೊಳೆತ ಎಲೆ. ಬ್ರೇಕ್ ಒತ್ತಿದ್ದೇ ತಪ್ಪಾಯಿತು. ಎಡಗಡೆಯ ಎರಡೂ ಚಕ್ರಗಳು ಚರಂಡಿಗಿಳಿದು ಕಾರಿನ ಮೂತಿ ಧರೆಗೆ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ, ಗುದ್ದಿತು. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ, ಯಾರಿಗೂ ಏನೂ ಆಗಿಲ್ಲ. ಹತ್ತಿರದ ಮನೆಯವರು ಟ್ರ್ಯಾಕ್ಟರ್ ತಂದು ಎಳೆದುಕೊಟ್ಟರು. ಬಂಪರ್, ಹೆಡ್‌ಲೈಟ್, ಒಂದು ಮಡ್‌ಗಾರ್ಡ್ ಹೋಗಿವೆ. ಗ್ಯಾರೇಜಿನಲ್ಲಿ 38,000 ರೂಪಾಯಿ ಎಂದಿದ್ದಾರೆ. ಪೊಲೀಸರಿಗೆ ತಿಳಿಸದಿದ್ದರೆ ಇನ್ಶೂರೆನ್ಸ್ ಬರುವುದಿಲ್ಲ ಎಂದು ನನ್ನ ಭಾವ ಹೆದರಿಸುತ್ತಾರೆ. ಠಾಣೆಯ ಮೆಟ್ಟಿಲು ಹತ್ತಿದರೆ ಇಳಿಯುವುದು ಕೋರ್ಟಿನ ಅಂಗಳದಲ್ಲಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ, ಶಿವಮೊಗ್ಗದಲ್ಲಿ ಅಪಘಾತ ಪ್ರಕರಣಗಳನ್ನು ನಡೆಸುವ ವಕೀಲರಿಂದ:

ನಮಸ್ಕಾರ. ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ.

1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಚಾಲಕನ ಕರ್ತವ್ಯವನ್ನು ಹೇಳುತ್ತದೆ. ಅಪಘಾತದಲ್ಲಿ ಯಾವುದೇ ವ್ಯಕ್ತಿಗೆ ಗಾಯವಾದರೆ ಅಥವಾ ಬೇರೆಯವರ ಆಸ್ತಿಗೆ ಹಾನಿಯಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರು ಸ್ಥಳದಲ್ಲಿ ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಹಾನಿ ಎಷ್ಟು ರೂಪಾಯಿಯದು ಎಂಬ ಮಾತೇ ಅಲ್ಲಿಲ್ಲ. 38,000 ಆದರೂ ಅಷ್ಟೇ, ಮೂರು ಲಕ್ಷವಾದರೂ ಅಷ್ಟೇ. ಕೆಟ್ಟದ್ದು ನಿಮ್ಮ ಕಾರು ಮಾತ್ರ, ಒಳಗೆ ಹೊರಗೆ ಯಾರಿಗೂ ಗಾಯವಿಲ್ಲ ಎಂದಾದರೆ ಆ ಕಲಮು ನಿಮ್ಮನ್ನು ಠಾಣೆಗೆ ಕರೆಯುವುದಿಲ್ಲ.

'ಯಾರಿಗೂ ಏನೂ ಆಗಿಲ್ಲ' ಎಂಬ ವಾಕ್ಯವನ್ನು ನನ್ನ ಕಚೇರಿಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಅದಕ್ಕೇ ಈ ಮರುಪ್ರಶ್ನೆ. ಕಾರಿನಲ್ಲಿ ಇನ್ನು ಯಾರಿದ್ದರು? ಧರೆಯ ಮೇಲೆ ಏನಿತ್ತು? ಬೇಲಿ, ಕಲ್ಲುಕಂಬ, ವಿದ್ಯುತ್ ಕಂಬ, ಮೋರಿಯ ಕಟ್ಟೆ, ಲೋಕೋಪಯೋಗಿ ಇಲಾಖೆಯ ಕಿಲೋಮೀಟರ್ ಕಲ್ಲು, ಇವೆಲ್ಲವೂ ಬೇರೆಯವರ ಆಸ್ತಿಯೇ. ಕಲ್ಲು ಸರ್ಕಾರದ್ದು ಎಂದ ಮಾತ್ರಕ್ಕೆ ಯಾರದ್ದೂ ಅಲ್ಲ ಎಂದು ಆಗುವುದಿಲ್ಲ.

ಪ್ರಶ್ನೆ ಕೇಳಿದ ಸದಸ್ಯರು:

ಸರ್, ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಕುಳಿತಿದ್ದರು. ಹಣೆ ಮುಂದಿನ ಸೀಟಿಗೆ ಬಡಿದು ಸಣ್ಣ ಗಾಯವಾಯಿತು, ಎರಡು ಹೊಲಿಗೆ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಸುಮ್ಮನೆ ರಗಳೆ ಬೇಡವೆಂದು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು ಎಂದು ಹೇಳಿದೆವು. ಧರೆಯ ಮೇಲಿದ್ದ ತೋಟದ ಬೇಲಿಯ ಎರಡು ಕಲ್ಲುಕಂಬಗಳೂ ಮುರಿದಿವೆ. ತೋಟದವರು ಪರಿಚಯದವರೇ, 'ಹೋಗಲಿ ಬಿಡಿ' ಎಂದರು. ಇವತ್ತಿಗೆ ಮೂರು ದಿನವಾಯಿತು.

ವಕೀಲರು:

ನೋಡಿದಿರಾ! ಮನೆಯವರ ಗಾಯವನ್ನು ನಾವು ಗಾಯದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಯ್ದೆಯಲ್ಲಿರುವುದು 'ಯಾವುದೇ ವ್ಯಕ್ತಿ' ಎಂಬ ಮಾತು. ಎದುರಿನಿಂದ ಬಂದವನು ಎಂದಲ್ಲ, ಅಪರಿಚಿತ ಎಂದೂ ಅಲ್ಲ. ಅತ್ತೆಯವರು ವ್ಯಕ್ತಿಯೇ. ಬೇಲಿಯ ಕಂಬಗಳು ಬೇರೆ. ಹಾಗಾಗಿ ನೀವು ತಿಳಿಸಬೇಕಿತ್ತು, 24 ಗಂಟೆ ಮೀರಿದೆ.

ಹೀಗೆ ತಿಳಿಸದೆ ಬಿಟ್ಟರೆ 187ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ಮೂರು ತಿಂಗಳು, 500 ರೂಪಾಯಿ ಇತ್ತು. ಇದು ಗರಿಷ್ಠ ಶಿಕ್ಷೆ, ಎರಡು ಹೊಲಿಗೆಗೆ ಯಾರೂ ನಿಮ್ಮನ್ನು ಜೈಲಿಗೆ ಅಟ್ಟುತ್ತಾರೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ತಡವಾಗಿ ಹೋಗುವುದಕ್ಕೂ ಹೋಗದೇ ಇರುವುದಕ್ಕೂ ಅಂತರ ಬಹಳ. ನಾಳೆ ಬೆಳಿಗ್ಗೆಯೇ ಹೋಗಿ. ಒಂದು ಹಾಳೆಯ ಅರ್ಜಿ ಸಾಕು: ದಿನ, ಹೊತ್ತು, ಜಾಗ, ವಾಹನದ ಸಂಖ್ಯೆ, ಯಾರು ಓಡಿಸುತ್ತಿದ್ದರು, ಯಾರಿಗೆ ಏನಾಯಿತು, ಏನು ಮುರಿಯಿತು, ಏಕೆ ತಡವಾಯಿತು. ಲೈಸೆನ್ಸ್, ಆರ್‌ಸಿ, ವಿಮೆಯ ಪ್ರತಿಗಳನ್ನು ಲಗತ್ತಿಸಿ. ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿಯನ್ನೋ ಹಿಂಬರಹವನ್ನೋ ಕೇಳಿ ಪಡೆಯಿರಿ, ಬಾಯಿಮಾತಿಗೆ ಮುಗಿಸಿ ಬರಬೇಡಿ.

ನಿಮ್ಮ ಪಕ್ಕದ ಮನೆಯವರ ಹೆದರಿಕೆ ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಜಾಗರೂಕತೆಯ ಚಾಲನೆ ಎಂದು ಪೊಲೀಸರಿಗೆ ಕಂಡರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ನಿಮ್ಮ ಮೇಲೆಯೇ ಪ್ರಕರಣ ದಾಖಲಾಗಬಹುದು. ಹಳೆಯ ಐಪಿಸಿಯ 279 ಎಂದರೆ ಹೆಚ್ಚು ಜನಕ್ಕೆ ಗೊತ್ತು, 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ಅದಕ್ಕಾಗಿಯೇ ಅರ್ಜಿಯಲ್ಲಿ ನಡೆದದ್ದನ್ನಷ್ಟೇ ಬರೆಯಿರಿ: ಮಳೆ, ಎಲೆ, ತಿರುವು, ಜಾರಿದ್ದು. 'ನನ್ನದೇ ತಪ್ಪು' ಎಂಬ ಸೌಜನ್ಯದ ಮಾತು ಅಲ್ಲಿ ಬೇಡ, ಕಥೆ ಕಟ್ಟುವುದೂ ಬೇಡ.

ನನಗೆ ಹೆಚ್ಚು ಚಿಂತೆಯಾದದ್ದು ಬಚ್ಚಲುಮನೆಯ ಕಥೆ. ರಸ್ತೆ ಅಪಘಾತ ಎಂದು ಹೇಳಿದ್ದರೆ ಆಸ್ಪತ್ರೆಯವರು ವೈದ್ಯಕೀಯ-ಕಾನೂನು ಪ್ರಕರಣ ಎಂದು ನಮೂದಿಸಿ ಠಾಣೆಗೆ ಮಾಹಿತಿ ಕಳಿಸುತ್ತಿದ್ದರು, ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ಈಗ ಆಸ್ಪತ್ರೆಯ ಚೀಟಿ ಒಂದು ಹೇಳುತ್ತದೆ, ನಿಮ್ಮ ಅರ್ಜಿ ಇನ್ನೊಂದು ಹೇಳುತ್ತದೆ. ಮುಂದೆ ತಲೆನೋವು, ಸ್ಕ್ಯಾನ್ ಎಂದು ಖರ್ಚು ಬೆಳೆದು ವಿಮೆ ಕೇಳಿದರೆ ಕಂಪನಿಯ ವಕೀಲರು ಮೊದಲು ಎತ್ತಿ ಹಿಡಿಯುವುದು ಆ ಚೀಟಿಯನ್ನೇ. ಅತ್ತೆಯವರನ್ನು ಕರೆದುಕೊಂಡು ಹೋಗಿ ವೈದ್ಯರಿಗೆ ನಿಜ ಹೇಳಿ. ಹಳೆಯದನ್ನು ಅಳಿಸಲು ಕೇಳಬೇಡಿ. ಈಗ ಹೇಳುತ್ತಿರುವುದನ್ನು ಇಂದಿನ ದಿನಾಂಕದಲ್ಲಿ ಸೇರಿಸಲು ಕೋರಿ.

ತೋಟದವರ 'ಹೋಗಲಿ ಬಿಡಿ' ದೊಡ್ಡ ಮನಸ್ಸು. ಆದರೂ ಕಂಬ ಹಾಕಿಸಿಕೊಟ್ಟು, ತಕರಾರಿಲ್ಲ ಎಂದು ಎರಡು ಸಾಲು ಬರೆಸಿಕೊಳ್ಳಿ.

ಸಾಗರದಲ್ಲಿ ಗ್ಯಾರೇಜ್ ನಡೆಸುವ ಸದಸ್ಯರು:

ವಕೀಲರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಳೆಗಾಲದಲ್ಲಿ ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಬಹಳಷ್ಟು ಹೀಗೆ ಚರಂಡಿಗೆ ಇಳಿದವೇ. ಎಳೆಸಿದ ಮೇಲೆ ಕಾರಿನಡಿ ಬಗ್ಗಿ ನೋಡದೆ ಓಡಿಸಬೇಡಿ. ಚರಂಡಿಯ ಕಲ್ಲಿಗೆ ಚೇಂಬರ್ ಒಡೆದು ಆಯಿಲ್ ಸೋರುತ್ತಿರುತ್ತದೆ, ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ. ಗುದ್ದಿದ್ದಕ್ಕೆ ವಿಮೆ ಸಿಗುತ್ತದೆ. ಗುದ್ದಿದ ಮೇಲೆ ಹಾಗೇ ಓಡಿಸಿ ಕೆಡಿಸಿಕೊಂಡದ್ದು ನಿಮ್ಮ ತಲೆಗೇ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಎಳೆಸುವ ಮೊದಲು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ. ವಿಮಾ ಕಂಪನಿಯ ಸರ್ವೇಯರ್ ನೋಡುವ ಮುನ್ನ ಬಿಚ್ಚಿಸಬೇಡಿ.

ಸೊರಬದ ಸದಸ್ಯರೊಬ್ಬರು:

ಪೊಲೀಸರ ಕಾಗದವಿಲ್ಲದೆ ಇನ್ಶೂರೆನ್ಸ್ ಬರುವುದಿಲ್ಲವೇ? ಆ ಪ್ರಶ್ನೆ ಹಾಗೇ ಉಳಿಯಿತು.

ವಕೀಲರು:

ಸ್ವಂತ ಕಾರಿನ ಬಂಪರ್, ದೀಪದಂಥ ಸಣ್ಣ ಹಾನಿಗೆ ಸಾಮಾನ್ಯವಾಗಿ ಎಫ್‌ಐಆರ್ ಕೇಳುವುದಿಲ್ಲ. ಗಾಯ, ಸಾವು, ಬೇರೆಯವರ ಆಸ್ತಿ, ಕಳವು ಎಂದರೆ ಕೇಳುತ್ತಾರೆ. ಕಂಪನಿಗೆ ಮಾತ್ರ ತಡ ಮಾಡದೆ ತಿಳಿಸಬೇಕು, ಗಾಯವಾಗಲಿ ಬೇರೆಯವರ ಆಸ್ತಿಗೆ ಹಾನಿಯಾಗಲಿ ಇಲ್ಲದಾಗ ಅದು ಕಾಯ್ದೆಯ ಮಾತಲ್ಲದಿದ್ದರೂ ಪಾಲಿಸಿಯ ಷರತ್ತು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಸ್ವಂತ ಕಾರಿನ ರಿಪೇರಿಗೆ ಒಂದು ಪೈಸೆಯೂ ಬರುವುದಿಲ್ಲ, ಎಷ್ಟು ಕಾಗದ ತಂದರೂ.

ಆದರೆ ಕೇಳುವ ಮುನ್ನ ಲೆಕ್ಕ ಹಾಕಿ. ಐದು ವರ್ಷ ಕ್ಲೈಮ್ ಮಾಡದವರಿಗೆ ಸ್ವಂತ ಕಾರಿನ ಹಾನಿಗೆ ಕಟ್ಟುವ ವಿಮಾ ಕಂತಿನಲ್ಲಿ ಶೇ 50 ರಿಯಾಯಿತಿ ಇರುತ್ತದೆ. ಒಂದು ಕ್ಲೈಮ್ ಮಾಡಿದರೆ ಅದು ಸೊನ್ನೆಗೆ ಇಳಿದು, ಮತ್ತೆ 20, 25, 35, 45, 50 ಎಂದು ಹತ್ತಬೇಕು. ಆ ಕಂತು ರಿಯಾಯಿತಿಗೆ ಮುಂಚೆ 9,000 ರೂಪಾಯಿ ಎಂದು ಹಿಡಿದರೆ, ಐದು ವರ್ಷದಲ್ಲಿ ಕೈಬಿಟ್ಟು ಹೋಗುವುದು 11,250 ರೂಪಾಯಿ. ಜೊತೆಗೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಸವಕಳಿ ಕಳೆಯುತ್ತಾರೆ. ಸವಕಳಿರಹಿತ ಪಾಲಿಸಿ ಇದ್ದರೆ ಮಾತ್ರ ಇಲ್ಲ. ಎಂಟು ಸಾವಿರದ ಬಂಪರಿಗಾಗಿ ಕ್ಲೈಮ್ ಮಾಡುವವರನ್ನು ನೋಡಿದರೆ ಕರುಣೆ ಬರುತ್ತದೆ. 38,000ಕ್ಕೆ ಮಾಡಬಹುದು.

ಹೊಸನಗರದ ಸದಸ್ಯರು:

ವಿದ್ಯುತ್ ಕಂಬಕ್ಕೆ ಗುದ್ದಿದರೆ? ದನ, ನಾಯಿ, ಕಾಡುಕೋಣ ಅಡ್ಡ ಬಂದರೆ?

ವಕೀಲರು:

ಕಂಬ ಬಾಗಿ ತಂತಿ ಕಾರಿನ ಮೇಲೆ ಬಿದ್ದಿದ್ದರೆ ಕಾನೂನು ಆಮೇಲೆ, ಮೊದಲು ಜೀವ. ಬೆಂಕಿ ಹತ್ತದ ಹೊರತು ಇಳಿಯಬೇಡಿ, ಹತ್ತಿರ ಬರುವವರನ್ನು ಕೂಗಿ ತಡೆಯಿರಿ, 1912ಕ್ಕೆ ಕರೆ ಮಾಡಿ. ಕಂಬ ನಮ್ಮ ಕಡೆ ಮೆಸ್ಕಾಂನದು. ಬೇರೆಯವರ ಆಸ್ತಿಯಾದ್ದರಿಂದ ಠಾಣೆಗೆ ತಿಳಿಸಲೇಬೇಕು. ಕಂಬದ ಖರ್ಚು ನಿಮ್ಮ ವಿಮೆಯ ಥರ್ಡ್ ಪಾರ್ಟಿ ಭಾಗದಿಂದ ಹೋಗಬಹುದಾದದ್ದು, ಕೂಡಲೇ ಕೈಯಿಂದ ಕೊಟ್ಟು ಬರಬೇಡಿ.

ಪ್ರಾಣಿಗಳ ವಿಷಯ ತಮಾಷೆಯಾಗಿದೆ. ಅಪಘಾತವಾದಾಗ ವಾಹನ ನಿಲ್ಲಿಸುವ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 132ನೇ ಕಲಮಿನ ಪ್ರಕಾರ 'ಪ್ರಾಣಿ' ಎಂದರೆ ಕುದುರೆ, ದನಕರು, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ಆಗುಂಬೆಯಲ್ಲಿ ಒಂಟೆ ಅಡ್ಡ ಬಂದರೆ ಕಾನೂನು ಸಿದ್ಧವಾಗಿದೆ, ನಾಯಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಹಾಗೆಂದು ಬಿಟ್ಟು ಓಡಬೇಡಿ. ಸಾಕಿದ ದನವಾದರೆ ಅದು ಯಾರದೋ ಆಸ್ತಿ, 134 ಮತ್ತೆ ಬರುತ್ತದೆ. ಕಾಡುಕೋಣ, ಕಡವೆಯಾದರೆ ಅರಣ್ಯ ಇಲಾಖೆಗೆ ತಿಳಿಸಿ. ತಪ್ಪಿ ಸತ್ತ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು, ಡಿಕ್ಕಿಯಲ್ಲಿ ಹಾಕಿಕೊಂಡು ಬಂದರೆ ನಾನೂ ಉಳಿಸಲಾರೆ.

ಪ್ರಶ್ನೆ ಕೇಳಿದ ಸದಸ್ಯರು, ಮರುದಿನ ರಾತ್ರಿ:

ಹೋಗಿ ಬಂದೆ ಸರ್. ತಡವಾದದ್ದಕ್ಕೆ ಒಂದೆರಡು ಮಾತು ಕೇಳಿಸಿಕೊಂಡೆ, ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಜಾಗ ನೋಡಲು ನಾಳೆ ಬರುತ್ತಾರಂತೆ. ಆಸ್ಪತ್ರೆಯಲ್ಲೂ ಬರೆಸಿದೆವು. ಒಂದೇ ತೊಂದರೆಯಾಯಿತು. ಅತ್ತೆಯವರು ಠಾಣೆಗೂ ಜೊತೆಗೆ ಬಂದಿದ್ದರು. ಅರ್ಜಿಯಲ್ಲಿ ನಾನು ಮಳೆ, ಎಲೆ, ತಿರುವು ಎಂದು ನೀವು ಹೇಳಿದಂತೆಯೇ ಬರೆದಿದ್ದೆ. ಅವರು ಕುರ್ಚಿಯಲ್ಲಿ ಕುಳಿತು, 'ನಿಧಾನ ಹೋಗು ಎಂದು ಮೇಗರವಳ್ಳಿಯಿಂದಲೇ ಹೇಳುತ್ತಿದ್ದೆ' ಎಂದುಬಿಟ್ಟರು.

ವಕೀಲರು:

ನಾಳೆ ಕಾಗದಗಳನ್ನು ತೆಗೆದುಕೊಂಡು ಕಚೇರಿಗೆ ಬನ್ನಿ. ಅತ್ತೆಯವರು ಮನೆಯಲ್ಲೇ ಇರಲಿ.