ಪ್ರಶ್ನೋತ್ತರ: ಮಾರ್ಪಡಿಸಿದ ಪೋರ್ಷೆ 944 ಟರ್ಬೊ, ಟೈಮಿಂಗ್ ಮತ್ತು ಪೆಟ್ರೋಲ್ ಹೊಂದಾಣಿಕೆ

ನಿರ್ವಾಹಕರು: ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಟರ್ಬೊ ಎಂಜಿನ್‌ಗಳನ್ನು ಹೊಂದಿಸುವುದನ್ನೇ ವೃತ್ತಿಯಾಗಿಸಿಕೊಂಡಿರುವ ನಮ್ಮ ಸದಸ್ಯೆಯೊಬ್ಬರು ಇಂದು ಉತ್ತರಿಸುತ್ತಾರೆ. ಹೆಸರಿನ ಬದಲು ನಿಮ್ಮ ಊರನ್ನು ಬರೆಯಿರಿ.

ನ್ಯೂಜೆರ್ಸಿ: ಮೇಡಂ, ಪೂರ್ತಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇರುವಾಗ ಗಾಳಿ–ಪೆಟ್ರೋಲ್ ಅನುಪಾತ ಎಷ್ಟಿರಬೇಕು?

ಉತ್ತರ: ಸಾಮಾನ್ಯ ಪೆಟ್ರೋಲಿಗೆ 11.5ರಿಂದ 12ರ ನಡುವೆ. ಅಂಕಿ ಏರಿದಷ್ಟೂ ಪೆಟ್ರೋಲ್ ಕಡಿಮೆ ಎಂದರ್ಥ. ಇದು ಆರಂಭದ ಅಂಕಿ ಮಾತ್ರ. ನಿಮ್ಮ ಎಂಜಿನ್ ಏನು ಹೇಳುತ್ತದೆ ಎಂದು ನೋಡಿ ಮುಂದಿನದನ್ನು ನಿರ್ಧರಿಸಬೇಕು.

ಡಲ್ಲಾಸ್: ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗನ್ನು (ಕಿಡಿ ಹಾರುವ ಹೊತ್ತನ್ನು) ಎರಡು ಡಿಗ್ರಿ ಇಳಿಸಬಹುದೇ?

ಉತ್ತರ: ಆಗುವುದಿಲ್ಲ. ಈ ಕಾರಿನಲ್ಲಿ ಫ್ಲೈವೀಲ್ ಬಳಿಯ ಸೆನ್ಸರ್‌ಗಳನ್ನು ಆಧರಿಸಿ ಕಂಪ್ಯೂಟರೇ ಟೈಮಿಂಗ್ ನಿರ್ಧರಿಸುತ್ತದೆ. ಡಿಸ್ಟ್ರಿಬ್ಯೂಟರ್ ಕಿಡಿಯನ್ನು ಹಂಚುತ್ತದೆ, ಅಷ್ಟೇ.

ಸ್ಯಾನ್ ಹೋಸೆ: ಅಕ್ಕ, ನನ್ನದು 1986ರ ಕಾರು. ದೊಡ್ಡ ಇಂಜೆಕ್ಟರ್, ಹೊಸ ಚಿಪ್ ಹಾಕಿಸಿದ್ದೇನೆ. 2.5 ಬಾರ್‌ನ ಪೆಟ್ರೋಲ್ ಪ್ರೆಷರ್ ರೆಗ್ಯುಲೇಟರ್ ಬದಲು ತಿರುಗಿಸಿ ಹೊಂದಿಸುವಂಥದ್ದನ್ನು ಹಾಕಿ 3 ಬಾರ್‌ಗೆ ಇಟ್ಟಿದ್ದೇನೆ. ಕೈಯಿಂದ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಇದೆ, ಬೂಸ್ಟ್ 1.1 ಬಾರ್. ಮೂರನೆಯ ಗೇರಿನಲ್ಲಿ ಎಲ್ಲವೂ ಸರಿ. ನಾಲ್ಕನೆಯ ಗೇರಿನಲ್ಲಿ 5000 ಸುತ್ತು ದಾಟಿದರೆ ಅನುಪಾತ 11.6ರಿಂದ 13.2ಕ್ಕೆ ಏರುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಕಡಲೆಕಾಳು ಅಲುಗಿಸಿದಂಥ ಸದ್ದು ಎರಡು ಬಾರಿ ಕೇಳಿಸಿತು. ರೆಗ್ಯುಲೇಟರನ್ನು ಇನ್ನಷ್ಟು ಬಿಗಿ ಮಾಡಲೇ? ಎರಡನೆಯ ಸಿಲಿಂಡರಿನ ಪ್ಲಗ್ ಚಿತ್ರ ಹಾಕಿದ್ದೇನೆ.

ಉತ್ತರ: ಮೊದಲು ಕಾರು ನಿಲ್ಲಿಸಿ. ನಾಳೆ ಕಚೇರಿಗೂ ಅದರಲ್ಲಿ ಹೋಗಬೇಡಿ.

ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತಲೂ ಬಹಳ ಸಣ್ಣದಾದ, ಹೊಳೆಯುವ ಚುಕ್ಕೆಗಳಿವೆ. ಮಸಿಯಾಗಿದ್ದರೆ ಕಪ್ಪಗೆ, ಮಂಕಾಗಿ ಇರುತ್ತಿತ್ತು. ಇವು ಬೆಳ್ಳಿಯಂತೆ ಹೊಳೆಯುತ್ತಿವೆ. ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಭೂತಗನ್ನಡಿ ಹಿಡಿದು ಉಳಿದ ಮೂರು ಪ್ಲಗ್‌ಗಳನ್ನೂ ನೋಡಿ.

ಕಿಡಿ ಹಾರಿದ ಮೇಲೆ ಜ್ವಾಲೆ ಹರಡುತ್ತಾ ಹೋಗಬೇಕು. ಒತ್ತಡ ಮತ್ತು ಬಿಸಿ ಮಿತಿಮೀರಿದರೆ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ನೀವು ಕೇಳಿದ ಕಡಲೆಕಾಳಿನ ಸದ್ದು ಅದೇ, ಅದನ್ನೇ ನಾಕ್ ಎನ್ನುತ್ತೇವೆ. ಪಿಸ್ಟನ್ನಿನ ಮೇಲೆ ತುಸು ತಂಪಾದ ಅನಿಲದ ತೆಳು ಪದರವೊಂದು ಇರುತ್ತದೆ, ಈ ಸಿಡಿತದ ಅಲೆಗಳು ಅದನ್ನು ಕೆರೆದು ಹಾಕುತ್ತವೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಬೂಸ್ಟ್ ಇರುವಾಗ ಹೊರಹೋಗುವ ಹೊಗೆಯೇ ಅದಕ್ಕಿಂತ ಬಿಸಿ. ಆ ಪದರ ಹೋದರೆ ಪಿಸ್ಟನ್ ಉಳಿಯುವುದಿಲ್ಲ.

ನಾಲ್ಕನೆಯ ಗೇರಿನಲ್ಲೇ ಏಕೆಂದರೆ, ಅಲ್ಲಿ ಎಂಜಿನ್ ಹೆಚ್ಚು ಹೊತ್ತು ಪೂರ್ತಿ ಭಾರದಲ್ಲಿ ದುಡಿಯುತ್ತದೆ. ಮೂರನೆಯ ಗೇರಿನಲ್ಲಿ ದೋಷ ಹೊರಬೀಳುವ ಮೊದಲೇ ನೀವು ಗೇರ್ ಬದಲಿಸಿರುತ್ತೀರಿ.

ರೆಗ್ಯುಲೇಟರ್ ಬಿಗಿ ಮಾಡಬೇಡಿ. ಒತ್ತಡವನ್ನು 2.5ರಿಂದ 3 ಬಾರ್‌ಗೆ ಏರಿಸಿದಾಗ ಇಂಜೆಕ್ಟರಿನಿಂದ ಸಿಕ್ಕಿದ್ದು ಶೇಕಡ 9.5ರಷ್ಟು ಹೆಚ್ಚು ಪೆಟ್ರೋಲ್, ಏಕೆಂದರೆ ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. ಒತ್ತಡ ಏರಿದಷ್ಟೂ ಪಂಪ್ ತಳ್ಳುವ ಪ್ರಮಾಣ ಮಾತ್ರ ಇಳಿಯುತ್ತದೆ. ಬೂಸ್ಟ್ 1.1 ಇರುವಾಗ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ಕೊಳವೆಯಲ್ಲಿ 4.1 ಬಾರ್ ಇರಬೇಕು. ಪಂಪ್ ಅಲ್ಲಿಯೇ ಸೋಲುತ್ತಿದೆ ಎಂದು ನನ್ನ ಅನುಮಾನ. ಹಾಗಿದ್ದರೆ ಇನ್ನೂ ಬಿಗಿ ಮಾಡಿದಷ್ಟು ಮೇಲಿನ ಸುತ್ತುಗಳಲ್ಲಿ ಪೆಟ್ರೋಲ್ ಇನ್ನೂ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಈ ಕಾರಿನಲ್ಲಿ ನಾಕ್ ಕೇಳಿಸಿಕೊಳ್ಳಲು ಕೆಎಲ್‌ಆರ್ ಎಂಬ ಪ್ರತ್ಯೇಕ ಪೆಟ್ಟಿಗೆ ಇದೆ. ನಾಕ್ ಕೇಳಿದರೆ ಅದು ಟೈಮಿಂಗನ್ನು ಹಿಂದಕ್ಕೆಳೆಯುತ್ತದೆ, ನಿಲ್ಲದಿದ್ದರೆ ಬೂಸ್ಟನ್ನೂ ಇಳಿಸುತ್ತದೆ. ನೀವು ಕೈ ಕಂಟ್ರೋಲರ್ ಹಾಕಿ ಅದರ ಒಂದು ಕೈಯನ್ನು ಕಟ್ಟಿಬಿಟ್ಟಿದ್ದೀರಿ. ಬೂಸ್ಟ್ ಇಳಿಸುವ ಶಕ್ತಿ ಈಗ ಅದಕ್ಕಿಲ್ಲ.

ಕಾರು ಓಡಿಸದೆಯೇ ಪಂಪ್ ಪರೀಕ್ಷಿಸಬಹುದು. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿ, ಆ ಬಾಯಿಗೆ ಕೈಪಂಪಿನಿಂದ 1.1 ಬಾರ್ ಗಾಳಿ ಕೊಡಿ. ಮರಳುವ ಪೆಟ್ರೋಲನ್ನು ಅಳತೆಯ ಕ್ಯಾನಿನಲ್ಲಿ 30 ಸೆಕೆಂಡ್ ಹಿಡಿಯಿರಿ. ಗಾಳಿ ಕೊಡದೆಯೂ ಒಮ್ಮೆ ಹಿಡಿದು ಎರಡನ್ನೂ ಹೋಲಿಸಿ. ಪಂಪಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ. ಪಕ್ಕದಲ್ಲಿ ಅಗ್ನಿಶಾಮಕ ಇರಲಿ, ಗ್ಯಾರೇಜಿನ ಬಾಗಿಲು ತೆರೆದಿರಲಿ. ಆಮೇಲೆ ನಾಲ್ಕೂ ಸಿಲಿಂಡರಿಗೆ ಲೀಕ್‌ಡೌನ್ ಪರೀಕ್ಷೆ (ಗಾಳಿ ತುಂಬಿ ಶೇಕಡ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ.

ಮ್ಯೂನಿಕ್: ನನ್ನ ಕಾರಿಗೆ ಹಳೆಯ ಕಾರುಗಳ ಎಚ್ ನಂಬರ್ ಪ್ಲೇಟ್ ಇದೆ. ಬೇರೆ ಕಂಪ್ಯೂಟರ್ ಹಾಕಿದರೆ ಅದು ಉಳಿಯುತ್ತದೆಯೇ?

ಹಾಸನ: ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ: “ಟ್ಯಾಂಕಿಗೆ 4 ನುಸಿಗುಳಿಗೆ ಹಾಕಿದರೆ ಆಕ್ಟೇನ್ ಏರುತ್ತದೆ, ನಾಕ್ ನಿಲ್ಲುತ್ತದೆ.” ಸ್ಯಾನ್ ಹೋಸೆಯವರಿಗೆ ಉಪಯೋಗವಾಗಬಹುದು.

ಉತ್ತರ: ದಯವಿಟ್ಟು ಯಾರೂ ಹಾಕಬೇಡಿ. ಈಗ ಮಾರುವ ಎಷ್ಟೋ ಗುಳಿಗೆಗಳಲ್ಲಿ ನ್ಯಾಫ್ತಲೀನ್ ಇಲ್ಲ, ಕ್ಲೋರಿನ್ ಸೇರಿದ ಬೇರೆ ರಾಸಾಯನಿಕವಿದೆ. ಅದು ಉರಿದರೆ ಎಂಜಿನ್ ಒಳಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ನ್ಯಾಫ್ತಲೀನೇ ಇದ್ದರೂ ಪೆಟ್ರೋಲ್ ಆರಿದ ಜಾಗದಲ್ಲಿ ಹರಳುಗಟ್ಟಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ಕೊರತೆಯಿಂದ ಪಿಸ್ಟನ್ ಕರಗುತ್ತಿರುವವರಿಗೆ ಇಂಜೆಕ್ಟರ್ ಕಟ್ಟಿಸುವ ಮದ್ದನ್ನು ಕೊಡುತ್ತಿದ್ದೀರಿ.

ಬೆಂಗಳೂರು: ಕ್ಯಾಲಿಫೋರ್ನಿಯಾದಲ್ಲಿ ಪ್ರೀಮಿಯಂ ಪೆಟ್ರೋಲೇ 91 ಎನ್ನುತ್ತಾರೆ. ನಮ್ಮ ದೇಶದಲ್ಲಿ 2020ರ ಡಿಸೆಂಬರಿನಿಂದ 100 ಆಕ್ಟೇನ್ ಸಿಗುತ್ತಿದೆ. ಅಮೆರಿಕ ಇಷ್ಟು ಹಿಂದುಳಿದಿದೆಯೇ?

ಉತ್ತರ: ಅಳತೆಯೇ ಬೇರೆ. ಅಲ್ಲಿ ಎರಡು ವಿಧಾನಗಳ ಸರಾಸರಿಯನ್ನು ಪಂಪಿನ ಮೇಲೆ ಬರೆಯುತ್ತಾರೆ. ಅಲ್ಲಿಯ 91 ಎಂದರೆ ಭಾರತ, ಯೂರೋಪುಗಳ ಲೆಕ್ಕದಲ್ಲಿ ಸುಮಾರು 95–96.

ಚಿಕಾಗೊ: ಬೂಸ್ಟ್ 1 ಬಾರ್ ದಾಟಿದರೆ ಕಾರು ಕೆಮ್ಮುತ್ತದೆ, ಅನುಪಾತದ ಗೇಜ್ 15 ತೋರಿಸುತ್ತದೆ. ಪೆಟ್ರೋಲ್ ಹೆಚ್ಚಿಸಿದೆ, ಕೆಮ್ಮು ಜಾಸ್ತಿಯಾಯಿತು. ನಾಕ್ ಸದ್ದು ಇಲ್ಲ.

ಉತ್ತರ: ಒಳ್ಳೆಯ ಪ್ರಶ್ನೆ. ಗೇಜ್ ಅಳೆಯುವುದು ಉಳಿದ ಆಮ್ಲಜನಕವನ್ನು. ಒತ್ತಡ ಹೆಚ್ಚಿದಂತೆ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಕಿಡಿ ಹಾರದಿದ್ದರೆ ಪೆಟ್ರೋಲೂ ಉರಿಯದು, ಆಮ್ಲಜನಕವೂ ಖರ್ಚಾಗದು, ಸೆನ್ಸರ್ ಅದನ್ನು “ಪೆಟ್ರೋಲ್ ಕಡಿಮೆ” ಎಂದು ಓದುತ್ತದೆ. ಹೆಚ್ಚಿಸಿದ್ದನ್ನು ಹಿಂದಕ್ಕೆ ತನ್ನಿ. ಹೊಸ ಪ್ಲಗ್ ಹಾಕಿ, ಸಂದನ್ನು 0.7ರಿಂದ 0.6 ಮಿಲಿಮೀಟರಿಗೆ ಇಳಿಸಿ, ವೈರ್ ಮತ್ತು ರೋಟರ್ ನೋಡಿ.

ಸ್ಟುಟ್‌ಗಾರ್ಟ್: ಇಷ್ಟೆಲ್ಲ ಕಷ್ಟ ಬೇಕೇ? ಕಾರ್ಖಾನೆ 0.75 ಬಾರ್ ಬೂಸ್ಟ್ ಕೊಟ್ಟಿತ್ತು, ಹಾಗೆಯೇ ಇಡಿ. ನಮ್ಮೂರಿನ ಕಾರ್ಖಾನೆಯಲ್ಲಿ ಕಟ್ಟಿದ ಕಾರನ್ನು ಚಿಪ್ ಹಾಕಿ ಕೆಡಿಸುತ್ತಿದ್ದೀರಿ.

ಡೆಟ್ರಾಯಿಟ್: ಜೋಡಣೆಯಾದದ್ದು ನಿಮ್ಮೂರಿನಲ್ಲಲ್ಲ, ನೆಕಾರ್ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ. ಈ ಕಾರಿನ ಗಾಳಿ ಅಳೆಯುವ ಹಲಗೆ ಪೂರ್ತಿ ತೆರೆದ ಮೇಲೆ ಇನ್ನೆಷ್ಟು ಗಾಳಿ ಬಂದರೂ ಕಂಪ್ಯೂಟರಿಗೆ ತಿಳಿಯದು. ಎಂಬತ್ತರ ದಶಕದ ಕಂಪ್ಯೂಟರನ್ನು ಕಿತ್ತು ಹೊಸದನ್ನು ಹಾಕುವುದೇ ಸರಿ.

ಸ್ಟುಟ್‌ಗಾರ್ಟ್: ಎಲ್ಲವನ್ನೂ ಕಿತ್ತುಹಾಕಿದ ಮೇಲೆ ಅದು 944 ಆಗಿ ಉಳಿಯುತ್ತದೆಯೇ? ವೈರಿಂಗ್ ಕತ್ತರಿಸಿದ ಕಾರನ್ನು ನಾಳೆ ಯಾರು ಕೊಳ್ಳುತ್ತಾರೆ?

ಡೆಟ್ರಾಯಿಟ್: ನಾನು ಮಾರುವುದಕ್ಕಲ್ಲ, ಓಡಿಸುವುದಕ್ಕೆ ಕೊಂಡವನು. ನೀವು ಎಷ್ಟು ಎಂಜಿನ್ ಬಿಚ್ಚಿದ್ದೀರಿ, ಹೇಳಿ.

ಸ್ಟುಟ್‌ಗಾರ್ಟ್: ನೀವು ಬಿಚ್ಚಿದ್ದನ್ನು ಮರಳಿ ಜೋಡಿಸಿದ್ದೀರಾ, ಅದನ್ನು ಹೇಳಿ.

ನಿರ್ವಾಹಕರು: ಇಬ್ಬರೂ ವೈಯಕ್ತಿಕ ಮಾತು ನಿಲ್ಲಿಸಿ.

ಉತ್ತರ: ಎರಡೂ ದಾರಿಯಲ್ಲಿ ಚೆನ್ನಾಗಿ ಓಡುವ ಕಾರುಗಳನ್ನು ಹೊಂದಿಸಿಕೊಟ್ಟಿದ್ದೇನೆ. ಇಲ್ಲೊಬ್ಬರ ಎಂಜಿನ್ ಸಾಯುತ್ತಿದೆ, ಅದು ಮೊದಲು.

ಟೊರಾಂಟೊ: ಅನುಪಾತ ಎಷ್ಟು ಇಡಬೇಕು?

ಉತ್ತರ: ಮೊದಲ ಉತ್ತರ ನೋಡಿ.

ಮ್ಯೂನಿಕ್: ಎಚ್ ಪ್ಲೇಟಿನ ಬಗ್ಗೆ ಕೇಳಿದ್ದೆ.

ಹಾಸನ: ಗುಳಿಗೆ ಬೇಡವೆಂದರೆ ಅಸಿಟೋನ್ ಆಗಬಹುದೇ? ಲೀಟರಿಗೆ 3 ಮಿಲಿಲೀಟರ್ ಎಂದು ಇನ್ನೊಂದು ಸಂದೇಶ ಬಂದಿದೆ.

ಉತ್ತರ: ಬೇಡ. ಹಳೆಯ ರಬ್ಬರ್ ಸೀಲ್‌ಗಳನ್ನು ಅಸಿಟೋನ್ ಊದಿಸಿ ಹಾಳು ಮಾಡುತ್ತದೆ. ಇವು ಮೂರೂವರೆ ದಶಕ ದಾಟಿದ ಕಾರುಗಳು. ಬಿಸಿ ಟರ್ಬೊ ಇರುವ ಎಂಜಿನ್ ಮನೆಯಲ್ಲಿ ಪೆಟ್ರೋಲ್ ಸೋರಿದರೆ ಬೆಂಕಿ ಹತ್ತುತ್ತದೆ, ಒಳಗೆ ಮನುಷ್ಯರಿರುತ್ತಾರೆ. ನೀವೇ ಪರೀಕ್ಷಿಸದ ಮದ್ದನ್ನು ಇಲ್ಲಿ ಹಾಕುವುದನ್ನು ನಿಲ್ಲಿಸಿ.

ಹಾಸನ: ಒಳ್ಳೆಯದಕ್ಕೆ ಹೇಳಿದೆ. ಇಷ್ಟು ಕಟುವಾಗಿ ಮಾತನಾಡಬೇಕಿರಲಿಲ್ಲ.

ಡಲ್ಲಾಸ್: ಬೂಸ್ಟಿಗೆ ತಕ್ಕ ಟೈಮಿಂಗ್, ಒಂದೇ ಒಂದು ಸಂಖ್ಯೆ ಹೇಳಿ ಸಾಕು.

ಉತ್ತರ: ಹೇಳುವುದಿಲ್ಲ. ನಿಮ್ಮ ಪೆಟ್ರೋಲ್, ಇಂಟರ್‌ಕೂಲರಿನಿಂದ ಬರುವ ಗಾಳಿಯ ಬಿಸಿ, ಬೂಸ್ಟ್ ನೋಡದೆ ಕೊಟ್ಟ ಸಂಖ್ಯೆಯಿಂದಲೇ ಎಂಜಿನ್‌ಗಳು ಹಾಳಾಗುತ್ತವೆ.

ಟೊರಾಂಟೊ: ಮೊದಲ ಉತ್ತರದಲ್ಲಿ ಇರುವುದು ಎಥನಾಲ್ ಹೆಚ್ಚು ಬೆರೆತ ಇ85 ಇಂಧನಕ್ಕೂ ಅನ್ವಯವೇ?

ಉತ್ತರ: ಇಲ್ಲ.

ಸ್ಯಾನ್ ಹೋಸೆ: ಅಕ್ಕ, ಪರೀಕ್ಷೆ ಮುಗಿಯಿತು. 3 ಬಾರ್‌ನಲ್ಲಿ ಕ್ಯಾನ್ ಚೆನ್ನಾಗಿ ತುಂಬಿತು. 4.1ರಲ್ಲಿ ಅದರ ಅರ್ಧವೂ ಬರಲಿಲ್ಲ. ಬ್ಯಾಟರಿಯಲ್ಲಿ 12.6 ವೋಲ್ಟ್, ಪಂಪಿನಲ್ಲಿ 10.4. ಲೀಕ್‌ಡೌನ್‌ನಲ್ಲಿ 1, 3, 4ನೆಯ ಸಿಲಿಂಡರ್‌ಗಳು ಶೇಕಡ 6ರೊಳಗೆ. ಎರಡನೆಯದು ಶೇಕಡ 31. ಎಣ್ಣೆ ಹಾಕುವ ಬಾಯಿಯ ಬಳಿ ಕಿವಿಯಿಟ್ಟರೆ ಗಾಳಿ ಬುಸುಗುಟ್ಟುವುದು ಕೇಳಿಸುತ್ತದೆ.

ಉತ್ತರ: ವೈರಿಂಗ್ ಮತ್ತು ರಿಲೇ ಸೇರಿ 2.2 ವೋಲ್ಟ್ ತಿನ್ನುತ್ತಿವೆ. ಅದನ್ನು ಸರಿಪಡಿಸಿ ಮತ್ತೆ ಅಳೆಯಿರಿ, ಪಂಪ್ ತೀರ್ಮಾನ ಆಮೇಲೆ. ಎಣ್ಣೆಯ ಬಾಯಲ್ಲಿ ಗಾಳಿ ಬರುತ್ತಿದೆ ಎಂದರೆ ಸೋರಿಕೆ ವಾಲ್ವಿನಲ್ಲಲ್ಲ, ಪಿಸ್ಟನ್ ರಿಂಗಿನ ಕಡೆ. ರಿಂಗ್ ಕೂರುವ ಅಂಚು ಒಡೆದಿರಬಹುದು. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ತೆಗೆಯಲೇಬೇಕು. ಬೇಸರವಾಗುತ್ತದೆ ಎಂದು ಗೊತ್ತು. ಸಿಲಿಂಡರ್ ಗೋಡೆಗೆ ಗೀರು ಬೀಳದಿದ್ದರೆ ಪಿಸ್ಟನ್ ಬದಲಿಸಿ ಉಳಿಸಿಕೊಳ್ಳಬಹುದು. ಇದರ ಬ್ಲಾಕ್ ಅಲ್ಯೂಮಿನಿಯಂ–ಸಿಲಿಕಾನ್ ಮಿಶ್ರಲೋಹ, ಒಳಗೆ ಕಬ್ಬಿಣದ ಒಳಕೊಳವೆಯಿಲ್ಲ, ಗೀರು ಬಿದ್ದರೆ ಸರಿಪಡಿಸುವುದು ಕಷ್ಟ. ಆದ್ದರಿಂದ ಸ್ಟಾರ್ಟ್ ಮಾಡಿ ನೋಡೋಣ ಎಂದು ಒಮ್ಮೆಯೂ ಕೀ ತಿರುಗಿಸಬೇಡಿ. ಶನಿವಾರ ಬೆಳಿಗ್ಗೆ ಕರೆ ಮಾಡಿ, ಬೋಲ್ಟ್ ಸಡಿಲಿಸುವ ಮೊದಲು.

ಮ್ಯೂನಿಕ್: ಎಚ್ ಪ್ಲೇಟ್?